ಸಿಲಬಸ್ಸಿಗೆ ಅವಸರವಿಲ್ಲ

ಕಲಬುರಗಿಯ ಕುಸನೂರ ರಸ್ತೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಾದೇಶಿಕ ಕೇಂದ್ರವೇನೋ ಇದೆ. ಸಿಲಬಸ್ ಮಾತ್ರ ಬೆಳಗಾವಿಯ ಮುಖ್ಯ ಕಚೇರಿಯಿಂದಲೇ ಬರಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದು 1991ರಲ್ಲಿ. ಕಂಪ್ಯೂಟರ್ ಸೈನ್ಸ್‌ನವರಿಗೆ ಅದು ಕಡ್ಡಾಯ ಪಾಠವಾಗಿದ್ದು 2018ರ ಸ್ಕೀಮಿನಲ್ಲಿ. ವರ ಮಂಟಪ ಹತ್ತುವಷ್ಟರಲ್ಲಿ 27 ತುಂಬಿತ್ತು! ಈ ತಡಕ್ಕೆ ಕಾರಣ ಮೇಷ್ಟ್ರ ಸೋಮಾರಿತನವಲ್ಲ. ಹೊಸ ಭಾಷೆಗೆ ಅಧ್ಯಯನ ಮಂಡಳಿ ಒಪ್ಪಬೇಕು, ಪಠ್ಯಪುಸ್ತಕ ಸಿಗಬೇಕು, ಲ್ಯಾಬ್ ಮ್ಯಾನುಯಲ್ ಆಗಬೇಕು. ವೈವಾದಲ್ಲಿ ಪ್ರಶ್ನೆ ಕೇಳುವವರೂ ಮೊದಲು ಅದನ್ನು ಕಲಿಯಬೇಕು.

‘ಅಷ್ಟರಲ್ಲಿ ತಂತ್ರಜ್ಞಾನವೇ ಹಳಸುತ್ತದಲ್ಲ’ ಎನ್ನುವವರಿದ್ದಾರೆ. ನಿಜ, ಆದರೆ ಹಳಸುವುದು ಸಾಫ್ಟ್‌ವೇರಿನ ಆವೃತ್ತಿಯೇ ಹೊರತು, ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಹತ್ತಿರದ ದಾರಿ ಹುಡುಕುವ ಲೆಕ್ಕವಲ್ಲ. ಹಾಗೆಂದು ಹಳೆಯ ಸಾಫ್ಟ್‌ವೇರ್ ಟರ್ಬೊ ಸಿಯ ನೀಲಿ ಪರದೆಗೆ ನಿತ್ಯಪೂಜೆ ಬೇಡ. ತತ್ವ ಹಳೆಯದೇ ಇರಲಿ, ಲ್ಯಾಬಿನ ಸಾಫ್ಟ್‌ವೇರ್ ವರ್ಷವರ್ಷವೂ ಹೊಸದಾಗಲಿ. ಅಷ್ಟಕ್ಕೆ ಇನ್ನೊಂದು ಸ್ಕೀಮಿನ ದಾರಿ ಕಾಯಬೇಕಿಲ್ಲ.