ಆಕ್ಚುಲಿ ರಾಯರು

ಗಾಂಧಿ ಬಜಾರಿನಲ್ಲಿ ಬರೀ ರಾಯರು ಅಂತ ಕೇಳಿದರೆ ಯಾರ ಮನೆಯೂ ಸಿಗುವುದಿಲ್ಲ. ಆಕ್ಚುಲಿ ರಾಯರ ಮನೆ ಎನ್ನಿ, ಹೂವಿನವಳು ತಲೆಯೆತ್ತದೆ ಕೈ ತೋರಿಸುತ್ತಾಳೆ.

ಆ ಪದ ಅವರ ಬಾಯಿಂದ ಹೊರಟಿತೆಂದರೆ, ಒಂದೋ ನೀವು ಹೇಳಿದ್ದು ತಪ್ಪು, ಇಲ್ಲವೋ ನಿಮ್ಮ ಕೆಲಸ ಆಗಿಲ್ಲ. “ಏನು ಸೆಖೆ ರಾಯರೇ!” ಎಂದರೆ, “ಆಕ್ಚುಲಿ ಇದು ಸೆಖೆ ಅಲ್ಲ, ಹ್ಯುಮಿಡಿಟಿ.” ಎದುರಿನವರ ಮಾತನ್ನು ನೋವಾಗದಂತೆ ತಿದ್ದಲು ಇಂಗ್ಲಿಷರು ಬಳಸುವ ಪದ ಅದು. ರಾಯರಿಗೆ ತಿದ್ದುವುದಷ್ಟೇ ಗೊತ್ತು. ಕೈಗಡ ಕೊಟ್ಟ ದುಡ್ಡು ಕೇಳಿದಿರೋ, “ಆಕ್ಚುಲಿ ಏನಾಯ್ತು ಅಂದ್ರೆ…” ಅಲ್ಲಿಗೆ ದುಡ್ಡು ಹೋಯಿತು, ಕತೆ ಬಂತು. ಭಾವಮೈದುನನ ಸೊಸೆಯ ಸೀಮಂತದಲ್ಲಿ ಶುರುವಾದದ್ದು ಬ್ಯಾಂಕಿನ ಸರ್ವರ್ ಡೌನ್ ಆಗುವ ಹೊತ್ತಿಗೆ, ಸಾಲ ಕೊಟ್ಟವರೇ ಕಾಫಿಯನ್ನೂ ಕುಡಿಸಿರುತ್ತಾರೆ.

ಒಂದು ಗುರುವಾರ ಸಂಜೆ, “ನಾಳೆ ವಿದ್ಯಾರ್ಥಿ ಭವನ, ದೋಸೆ ನಂದು” ಎಂದು ವಾಕಿಂಗ್ ಗೆಳೆಯರನ್ನೆಲ್ಲ ಕರೆದರು.

“ಶುಕ್ರವಾರ ರಜ ಅಲ್ವೇನ್ರೀ?”

“ಆಕ್ಚುಲಿ ಅದೆಲ್ಲ ಹಳೇ ಕತೆ.”

ಮರುದಿನ ಮುಚ್ಚಿದ ಬಾಗಿಲ ಮುಂದೆ ಗೆಳೆಯರು ನಿಂತಿದ್ದಾಗ ರಾಯರ ಫೋನು. “ಆಕ್ಚುಲಿ ನಾನು ಮೆಜೆಸ್ಟಿಕ್‌ನಲ್ಲಿ ಸಿಕ್ಕಾಕೊಂಡಿದೀನಿ.” ಮೆಜೆಸ್ಟಿಕ್‌ನಲ್ಲಿ ಕುಕ್ಕರ್ ಕೂಗಿದ್ದು ಎಲ್ಲರಿಗೂ ಕೇಳಿಸಿತು.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಈ ಪದಕ್ಕೆ ‘ನಿಜವಾಗಿ’ ಎಂಬ ಅರ್ಥ ಬರೆದಿಟ್ಟ. ಪಾಪ, ರಾಯರ ಪರಿಚಯವಿರಲಿಲ್ಲ. ಪದದ ಬೇರು ಲ್ಯಾಟಿನ್ನಿನದು, ‘ಮಾಡು’ ಎಂಬರ್ಥದ ಧಾತು. ಕೆಲಸದ ಆ್ಯಕ್ಷನ್ನೂ ಅದರಿಂದಲೇ ಬಂತು, ನಾಟಕದ ಆ್ಯಕ್ಟಿಂಗೂ ಅದರಿಂದಲೇ ಬಂತು. ರಾಯರು ಯಾವ ಕಡೆಯ ವಾರಸುದಾರರೆಂದು ಬಿಡಿಸಿ ಹೇಳಬೇಕಿಲ್ಲ.

ಮೊನ್ನೆ ಫ್ರೆಂಚ್ ಕಲಿಯುತ್ತಿರುವ ಮೊಮ್ಮಗಳು ಹೊಸ ತಕರಾರು ತೆಗೆದಳು. “ತಾತ, ಅವರ ಭಾಷೇಲೂ ಇಂಥದೇ ಪದ ಇದೆ, ಆಕ್ತ್ಯುಯೆಲ್‌ಮಾಂ ಅಂತ. ಆದ್ರೆ ಅದಕ್ಕೆ ‘ಸದ್ಯಕ್ಕೆ’ ಅಂತ ಅರ್ಥ. ನಿಜಕ್ಕೂ ಅಂತ ಅಲ್ಲವೇ ಅಲ್ಲ.”

ರಾಯರ ಮುಖ ಅರಳಿತು. ಸದ್ಯಕ್ಕೆ ದುಡ್ಡಿಲ್ಲ, ಸದ್ಯಕ್ಕೆ ಪುರುಸೊತ್ತಿಲ್ಲ, ಸದ್ಯಕ್ಕೆ ಊರಲ್ಲಿಲ್ಲ. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಪಟ್ಟ ಪಾಡೆಲ್ಲ ದಂಡವಾಯಿತಲ್ಲ! “ನೋಡೇ, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?” ಎಂದು ಅಡುಗೆಮನೆಯತ್ತ ತಿರುಗಿದರು.

“ಫ್ರೆಂಚಲ್ಲಿ ಹೇಳಿದ್ರೂ ಅವತ್ತು ನೀವು ಮೆಜೆಸ್ಟಿಕ್‌ನಲ್ಲಿ ಇರ್ಲಿಲ್ಲ ಕಣ್ರೀ” ಎಂದರು ಅವರ ಮನೆಯವರು, ಒಗ್ಗರಣೆ ಹಾಕುತ್ತಾ.