ಮಲಗಿದ ಮಷೀನು

ಮೊದಲ ದಿನ ಅವ್ವ ಮಷೀನಿನ ಮುಂದೆ ಮಣೆ ಹಾಕಿಕೊಂಡು ಕೂತಳು. ಗಾಜಿನ ಬಾಗಿಲ ಹಿಂದೆ ಅಪ್ಪನ ಧೋತರ, ನನ್ನ ಅಂಗಿ, ತಂಗಿಯ ಚೂಡಿದಾರ ಒಂದರ ಮೇಲೊಂದು ಉರುಳುತ್ತಿದ್ದವು. ಹತ್ತು ನಿಮಿಷ ಕಣ್ಣು ಕೀಳದೆ ನೋಡಿ ನನ್ನನ್ನು ಕೂಗಿದಳು.

"ತಮ್ಮಾ, ನಳ ಬಂದ್ ಆಗೈತೇನು ನೋಡು. ಇದರಾಗ ನೀರs ಇಲ್ಲ."

"ಐತವ್ವಾ, ತಳದಾಗ ಐತಿ."

"ತಳದಾಗ ಇದ್ದರ ಏನಾತು? ಅರಿವಿ ಮುಣುಗಬ್ಯಾಡೇನು?"

ತುಂಗಭದ್ರೆಯ ಸೀಮೆಯ ಹೆಣ್ಣುಮಗಳ ಈ ಅನುಮಾನ ನ್ಯಾಯವಾದದ್ದೇ. ಹಬ್ಬಕ್ಕೆ ಮುಂಚೆ ಮನೆಯ ಕೌದಿ, ಜಮಖಾನಗಳನ್ನೆಲ್ಲ ಚಕ್ಕಡಿಗೆ ಹೇರಿಕೊಂಡು ಹೊಳೆಗೆ ಹೋಗಿ, ಮೊಣಕಾಲುಮಟ ನೀರಿನಲ್ಲಿ ನಿಂತು ಒಗೆದವಳು ಆಕೆ. ಅಂಥವಳಿಗೆ, ಈ ಪೆಟ್ಟಿಗೆ ಒಂದು ಸಲದ ಬಟ್ಟೆಗೆ ಜಾಲಿಸುವುದೂ ಸೇರಿ 50–60 ಲೀಟರ್ ನೀರಿನಲ್ಲಿ ಕೆಲಸ ಮುಗಿಸುತ್ತದೆ ಎಂದರೆ ಹೇಗೆ ನಂಬಬೇಕು? ಲೀಟರಿನ ಲೆಕ್ಕ ಅವಳಿಗೆ ಬೇಡ. "ನಾಕು ಕೊಡ" ಎಂದೆ. "ನಾಕು ಕೊಡದಾಗ ನಿಮ್ಮಪ್ಪನ ಧೋತರದ ಅಂಚು ತೋಯ್ತತಿ" ಎಂದಳು.

ಮೇಲಿನಿಂದ ಬಟ್ಟೆ ತುಂಬುವ ಮಷೀನಿನಲ್ಲಿ ಡ್ರಮ್ಮು ನಿಂತಿರುತ್ತದೆ. ಬಟ್ಟೆ ತೇಲಾಡಬೇಕಾದರೆ ಹಂಡೆಯಂತೆ ನೀರು ತುಂಬಲೇಬೇಕು, 100 ಲೀಟರ್ ದಾಟುವುದೂ ಉಂಟು. ನಮ್ಮದು ಮಲಗಿದ ಡ್ರಮ್ಮು. ಅಡಿಗೆ ಒಂದಿಷ್ಟು ನೀರು ನಿಂತರೆ ಸಾಕು. ಹೊಳಲಿನಲ್ಲಿ ಹುಟ್ಟಿದವನಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ನಮ್ಮೂರಿಗೆ ಹೆಸರು ಬಂದಿರುವುದೇ ಮಲಗಿದ ದೇವರಿಂದ, ಅನಂತಶಯನನಿಂದ. ಮಲಗಿದ್ದಾನೆಂದು ಅವನಿಗೆ ಕೆಲಸವಿಲ್ಲ ಅನ್ನುವ ಧೈರ್ಯ ಯಾರಿಗಿದೆ?

ನೀರು ಎಷ್ಟು ಬಂತೆಂದು ಮಷೀನಿಗೆ ತಿಳಿಯುವ ಬಗೆ ಮಾತ್ರ ಚೆಂದ. ತೊಟ್ಟಿಯ ಬುಡದಿಂದ ಸಣ್ಣ ಕೊಳವೆಯೊಂದು ಮೇಲಕ್ಕೆ ಹೋಗಿರುತ್ತದೆ. ನೀರು ಏರಿದಂತೆ ಅದರೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತಡದಿಂದ ಲೆಕ್ಕ. ಬಟ್ಟೆ ನೀರು ಕುಡಿದು ಮಟ್ಟ ಇಳಿಯಿತೋ, ಇನ್ನೊಂದಿಷ್ಟು ಎಳೆದುಕೊಳ್ಳುತ್ತದೆ. ಕೊಡ ತುಂಬಿತೆಂದು ಅವ್ವ ಅಡುಗೆಮನೆಯಲ್ಲಿದ್ದೇ ಸದ್ದಿನಿಂದ ಹೇಳುವುದಿಲ್ಲವೆ, ಹಾಗೆ.

ಅಷ್ಟು ನೀರಿನಲ್ಲಿ ಕೊಳೆ ಹೋಗುವುದು ಹೇಗೆ? ಉತ್ತರ ನಮ್ಮ ಮಾತಿನಲ್ಲೇ ಇದೆ. ನಮ್ಮ ಕಡೆ 'ಕಲ್ಲು ಒಗಿ' ಅಂದರೆ ಎಸೆ ಎಂದು, 'ಅರಿವಿ ಒಗಿ' ಅಂದರೆ ಕೊಳೆ ತೆಗೆ ಎಂದು. ಡ್ರಮ್ಮಿನ ಒಳಗೋಡೆಯ ಏಣುಗಳು ತೊಯ್ದ ಬಟ್ಟೆಯನ್ನು ಮೇಲಕ್ಕೆತ್ತಿ ಧೊಪ್ಪನೆ ಕೆಳಗೆ ಒಗೆಯುತ್ತವೆ. ಮತ್ತೆ ಎತ್ತು, ಮತ್ತೆ ಒಗಿ. ಪಂಡಿತರು ಏನಾದರೂ ಅನ್ನಲಿ, ಕನ್ನಡ ಬಲ್ಲ ಮಷೀನು ಇದೊಂದೇ.

ಇಷ್ಟು ಹೇಳಿದ ಮೇಲೂ ಅವ್ವ ಒಪ್ಪಲಿಲ್ಲ. ಮರುದಿನ ನಾನಿಲ್ಲದಾಗ ಒಂದು ಬೊಗಸೆ ಸೋಪಿನ ಪುಡಿ ಸುರಿದಳು. ಬೋರಿನ ಗಡಸು ನೀರಿಗೆ ಬಕೆಟ್ಟಿನಲ್ಲಿ ಅಷ್ಟು ಹಾಕದಿದ್ದರೆ ನೊರೆಯೇ ಬರುವುದಿಲ್ಲ ಎಂಬುದು ಅವಳ ಅನುಭವ. ಗಾಜೆಲ್ಲ ಬೆಳ್ಳಗಾಗಿ, ಪುಡಿ ಹಾಕುವ ಖಾನೆಯಿಂದ ನೊರೆ ಉಕ್ಕಿ, ಮಷೀನು ಏರಿಗೆ ಕಟ್ಟಿದ ಮುದಿ ಎತ್ತಿನಂತೆ ನಿಂತಿತ್ತು. ನೊರೆ ಹೆಚ್ಚಾದರೆ ಬಟ್ಟೆ ಬೀಳುವುದು ಹಾಸಿಗೆಯ ಮೇಲೆ. ಪೆಟ್ಟು ಬೀಳದೆ ಕೊಳೆ ಬಿಡದು. ಮಷೀನು ಉಳಿಸಿದ ನೀರೆಲ್ಲ ಆ ನೊರೆ ತೊಳೆಯಲಿಕ್ಕೇ ಹೋಯಿತು.

ಕೊನೆಗೆ ಅವ್ವನನ್ನು ಒಲಿಸಿದ್ದು ರಿಪೇರಿಗೆ ಬಂದ ಹುಡುಗ. ಮೇಲಿನ ಮುಚ್ಚಳ ಬಿಚ್ಚಿದಾಗ ಒಳಗೊಂದು ಕಾಂಕ್ರೀಟಿನ ಗಡ್ಡೆ ಕಂಡಿತು. ಹಿಂಡುವಾಗ ಡ್ರಮ್ಮು ನಿಮಿಷಕ್ಕೆ 1000 ಸುತ್ತು ತಿರುಗುತ್ತದಲ್ಲ, ಆಗ ಮಷೀನು ಕುಣಿಯದಿರಲಿ ಎಂದು ಇಟ್ಟ ಭಾರ. ಅವ್ವನ ಮುಖ ಅರಳಿತು.

"ಒಗಿಯೋ ಕಲ್ಲು ಒಳಗs ಐತಿ ಅಂತ ಮೊದಲs ಹೇಳಬಾರದೇನೋ!"

ಈಗ ಎರಡೇ ಚಮಚ ಪುಡಿ ಹಾಕುತ್ತಾಳೆ. ಮೈಲಾರದ ಜಾತ್ರೆಯಿಂದ ಬಂದ ದಿನ ಮಾತ್ರ ಗಾಜಿನೊಳಗೆ ಅಪ್ಪನ ಧೋತರ ಕೆಂಪಾದದ್ದು ಕಂಡು ಕಿರುಚಿದಳು. ಜಾತ್ರೆಯಲ್ಲಿ ಬಟ್ಟೆಗೆ ಹತ್ತಿದ ಭಂಡಾರದ ಅರಿಶಿನಕ್ಕೆ ಸೋಪಿನ ಕ್ಷಾರ ತಾಗಿದರೆ ಕೆಂಪಾಗುವುದು ಸಹಜ. ಜಾತ್ರೆಗೆ ಹೋಗಿಬಂದವರು ಆ ಬಟ್ಟೆಗಳನ್ನು ಬೇರೆ ಹಾಕಿರಿ, ಆಮೇಲೆ ಬಿಸಿಲಿಗೆ ಹರವಿರಿ. ಉಳಿದ ಹಳದಿಯನ್ನು ನಮ್ಮ ಹಡಗಲಿ ಸೀಮೆಯ ಬಿಸಿಲು ತಾನೇ ತೆಗೆಯುತ್ತದೆ.