ಮೆಣಸಿನಕಾಯಿ ಲೋಡು, ಉಳವಿ ದಾರಿ

“ತಮ್ಮಾ, ಕರೆಂಟಿನ ಗಾಡಿಗೆ ಡಬ್ಬಿ ಕಟ್ಟಿಕೊಂಡು ಉಳವಿಗೆ ಹೋಗಾಕ ಆಕ್ಕತೇನ?”

ಬೇಲಿಯಾಚೆಯ ಕಾಕಾನ ಪ್ರಶ್ನೆ. ಮೊಮ್ಮಗ ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ತೋರಿಸಿದ್ದಾನೆ. ಬ್ಯಾಟರಿ ಪಿಕಪ್ಪು, ಅದರ ಹಿಂದೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಇರುವ ಗಾಲಿಮನೆ. ಗಾಲಿಮನೆಯಲ್ಲಿ ಕಾಕಾನಿಗೆ ಹೊಸದೇನೂ ಕಂಡಿಲ್ಲ. “ಇದು ನಮ್ಮ ಕೊಲ್ಲಾರಿ ಬಂಡಿನ ಅಲ್ಲೇನ? ಎತ್ತಿನ ಜಾಗಾದಾಗ ಬ್ಯಾಟರಿ ಕುಂತೈತಿ, ಅಷ್ಟ” ಅಂದರು.

ಸುಳ್ಳಲ್ಲ. ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಹಾವೇರಿ, ಬೆಳಗಾವಿ ಕಡೆಯ ಒಕ್ಕಲುಮಕ್ಕಳು ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಬಂಡಿ ಹೂಡುತ್ತಾರೆ. ಬಿದಿರಿನ ಕಮಾನು, ಮೇಲೆ ತಾಡಪತ್ರಿ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೊಂದು ಜಮಖಾನೆ. ಮೂಲೆಯಲ್ಲಿ ಸಜ್ಜಿ ರೊಟ್ಟಿಯ ಗಂಟು, ಗುರೆಳ್ಳ ಚಟ್ನಿ, ಶೇಂಗಾ ಹಿಂಡಿ, ಹಗ್ಗ, ಕೊಡ, ಕಂದೀಲು. ದಾರಿಯಲ್ಲೇ ಅಡಿಗೆ, ದಾರಿಯಲ್ಲೇ ನಿದ್ದೆ. ಈಗ ಎತ್ತುಗಳ ಜೊತೆಗೆ ಟ್ರ್ಯಾಕ್ಟರುಗಳೂ ಸೇರಿವೆ. ಹಿಂದಿನ ಟ್ರಾಲಿ ಡಬ್ಬಿಗೇ ಕಮಾನು ಕಟ್ಟಿ ಮನೆಮಂದಿಯೆಲ್ಲ ಹತ್ತುತ್ತಾರೆ. ಮನೆಯನ್ನೇ ಹಿಂದೆ ಕಟ್ಟಿಕೊಂಡು ಊರೂರು ದಾಟುವುದನ್ನು ನಮ್ಮ ರಾಣೆಬೆನ್ನೂರು ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಕಾ ಕೇಳುತ್ತಿರುವುದು ಬ್ಯಾಟರಿಯ ಮಾತು. ಅದಕ್ಕೆ ಬೇಲಿಗೆ ಒರಗಿ ನಿಂತು, ಸಾವಕಾಶವಾಗಿ ಲೆಕ್ಕ ಹಾಕಿದೆವು.

ಎಳೆಯುತ್ತದೋ ಇಲ್ಲವೋ ಎಂಬ ಅನುಮಾನ ಮೊದಲು ತೆಗೆದುಬಿಡಬೇಕು. ಕರೆಂಟಿನ ಮೋಟರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಡೀಸೆಲ್ ಇಂಜಿನ್ನಿನ ಹಾಗೆ ಆಕ್ಸಿಲರೇಟರ್ ಒತ್ತಿ, ಕ್ಲಚ್ಚು ಮೆಲ್ಲಗೆ ಬಿಡುತ್ತ, ಒದರಿಸಿ ಹೊರಡಿಸುವ ಕೆಲಸವಿಲ್ಲ. ನಮ್ಮ ದೇಶದಲ್ಲೇ 2020ರ ಡಿಸೆಂಬರಿನಲ್ಲಿ ಸೋನಾಲಿಕಾ ಕಂಪನಿ ಟೈಗರ್ ಎಲೆಕ್ಟ್ರಿಕ್ ಎಂಬ ಟ್ರ್ಯಾಕ್ಟರ್ ತಂದಿತು. 25.5 ಕಿಲೋವಾಟ್ ಗಂಟೆಯ ಬ್ಯಾಟರಿ. 2 ಟನ್ ಟ್ರಾಲಿ ಎಳೆಯುತ್ತ 8 ತಾಸು ಓಡುತ್ತದೆ ಎಂದು ಕಂಪನಿ ಹೇಳಿಕೊಂಡಿತು. ಅದರ ವೇಗ ತಾಸಿಗೆ 25 ಕಿ.ಮೀ.ಯೊಳಗೆ. ಈ ವೇಗದ ಮಾತು ನೆನಪಿರಲಿ ಕಾಕಾ, ಮುಂದೆ ಬೇಕಾಗುತ್ತದೆ ಅಂದೆ.

“ಹಂಗಾದ್ರ ತೊಡಕೇನು?”

ತೊಡಕು ಎಲ್ಲಿದೆ ಎಂದು ಕಾಕಾನಿಗೆ ಗೊತ್ತು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ, ರಾಣೆಬೆನ್ನೂರಿಗೆ ಗೋವಿನಜೋಳ ಹೊಡೆಸಿದವರು ಅವರು. ಜೋಳದ ಚೀಲ ತೂಕ ಜಾಸ್ತಿ. ಎರಡು ಸಾಲು ಒಟ್ಟುವಷ್ಟರಲ್ಲಿ ಗಾಡಿಯ ಪಾಟಾ ಬಾಗಿರುತ್ತದೆ, ಲೋಡು ಮಾತ್ರ ಡಬ್ಬಿಯ ಅಂಚು ದಾಟಿರುವುದಿಲ್ಲ. ಒಣಮೆಣಸಿನಕಾಯಿ ಹಾಗಲ್ಲ. ಕೈಯಲ್ಲಿ ಹಿಡಿದರೆ ಗರಗರ ಎನ್ನುವ ಹಗುರ ಮಾಲು. ಸೋಮವಾರ, ಗುರುವಾರದ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬರುವ ಲಾರಿಗಳನ್ನು ಮೋಟೆಬೆನ್ನೂರಿನ ಹತ್ತಿರ ನಿಂತು ನೋಡಬೇಕು. ಕ್ಯಾಬಿನ್ನಿನ ಮೇಲಕ್ಕೂ ಚೀಲ, ಎರಡೂ ಬದಿಗೆ ಉಬ್ಬಿದ ಚೀಲ, ಮೇಲೆ ಬಿಗಿದ ಹಗ್ಗ. ತೂಕ ಕಡಿಮೆ, ಮೈ ದೊಡ್ಡದು. ಆಷಾಢದ ಗಾಳಿಗೆ ಎದುರಾಗಿ ಹುಬ್ಬಳ್ಳಿ ಕಡೆ ಹೋಗುವಾಗ ಇಂಥ ಲೋಡು ಗಾಡಿಯನ್ನು ಹಿಂದಕ್ಕೆ ಹಿಡಿದೆಳೆಯುತ್ತದೆ.

ಮೊಮ್ಮಗನ ವಿಡಿಯೋದ ಗಾಲಿಮನೆ ಅಂಥದೇ ಮೆಣಸಿನಕಾಯಿ ಲೋಡು. ಒಳಗೆ ಬಹುಪಾಲು ಖಾಲಿ ಜಾಗ. ಹೊರಗೆ ಗೋಡೆಯಷ್ಟು ಅಗಲದ ಮುಖ. ಆ ಮುಖ ಗಾಳಿಯನ್ನು ತಳ್ಳುತ್ತ ಸಾಗಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ತಾಸಿಗೆ 80ರಲ್ಲಿ ಹೋಗುವವನು 60ಕ್ಕೆ ಇಳಿದರೆ ಗಾಳಿಯ ತಡೆ ಅರ್ಧದ ಹತ್ತಿರಕ್ಕೆ, ಅಂದರೆ ಶೇ. 56ಕ್ಕೆ ಇಳಿಯುತ್ತದೆ. 25ರಲ್ಲಿ ಸಾಗುವ ಟ್ರ್ಯಾಕ್ಟರಿಗೆ ಗಾಳಿ ಲೆಕ್ಕಕ್ಕೇ ಇಲ್ಲ. ಅದು ತೂಕದ ಜೊತೆ ಮಾತ್ರ ಸೆಣಸುತ್ತದೆ. ಎಲ್ಲರೂ “ಎಷ್ಟು ಟನ್ ಎಳೀತೈತಿ?” ಎಂದೇ ಕೇಳುತ್ತಾರೆ. ದೂರದ ಹಾದಿಗೆ ನಾನಂತೂ ಮೊದಲು ಕೇಳುವುದು ಲೋಡು ಎಷ್ಟು ಎತ್ತರ, ಓಟ ಎಷ್ಟು ಜೋರು ಎಂದು.

ಅಮೆರಿಕದ ಫೋರ್ಡ್ ಎಫ್-150 ಲೈಟ್ನಿಂಗ್ ನೋಡಿ. 131 ಕಿಲೋವಾಟ್ ಗಂಟೆಯ ದೊಡ್ಡ ಬ್ಯಾಟರಿ ಇರುವ ಗಾಡಿ ಖಾಲಿ ಓಡಿದರೆ 515 ಕಿ.ಮೀ. ಎಂದು ಅಲ್ಲಿನ ಸರ್ಕಾರಿ ಅಳತೆ. ಎತ್ತರದ ಗಾಲಿಮನೆ ಕಟ್ಟಿ ಹೆದ್ದಾರಿಗೆ ಬಿಟ್ಟವರಿಗೆ ಅದರ ಅರ್ಧ ಸಿಕ್ಕಿದೆ, ಕೆಲವರಿಗೆ ಅರ್ಧವೂ ಸಿಕ್ಕಿಲ್ಲ. ಆ ಬ್ಯಾಟರಿ ನಮ್ಮ ಟಾಟಾ ಏಸ್ ಇವಿಯ ಆರು ಬ್ಯಾಟರಿಗೆ ಸಮ. 2022ರಲ್ಲಿ ಬಂದ ಏಸ್ ಇವಿಯಲ್ಲಿ ಇರುವುದು 21.3 ಕಿಲೋವಾಟ್ ಗಂಟೆ. ಕಂಪನಿ ಹೇಳುವ ಓಟ 154 ಕಿ.ಮೀ., ಹೊರೆ 600 ಕಿಲೋ. 2024ರಲ್ಲಿ 1 ಟನ್ ಹೊರುವ ಏಸ್ ಇವಿ 1000 ಬಂತು. ಓಟ 161 ಎನ್ನುತ್ತಾರೆ. ತಾಡಪತ್ರಿ ಕಟ್ಟಿ, ಮಂದಿ ಸಾಮಾನು ಹೇರಿ ಹೊರಟವರು 100 ಎಂದು ಹಿಡಿಯುವುದು ಕ್ಷೇಮ ಎಂಬುದು ನನ್ನ ಎಣಿಕೆ.

“ಡೀಸಲ್ ಗಾಡಿಗೆ ಗಾಳಿ ಬಡಿಯೂದಿಲ್ಲೇನ ಹಂಗಾರ?”

ಒಳ್ಳೆಯ ಪ್ರಶ್ನೆ. ಬಡಿಯುತ್ತದೆ, ನಮಗೆ ಅಷ್ಟು ಕಾಣುವುದಿಲ್ಲ. 1 ಲೀಟರ್ ಡೀಸೆಲ್ಲಿನಲ್ಲಿ ಹೆಚ್ಚುಕಡಿಮೆ 10 ಯೂನಿಟ್, ಅಂದರೆ 10 ಕಿಲೋವಾಟ್ ಗಂಟೆ ಶಕ್ತಿ ಇರುತ್ತದೆ. ಆ ಲೆಕ್ಕದಲ್ಲಿ ಫೋರ್ಡಿನ ಅಷ್ಟು ದೊಡ್ಡ ಬ್ಯಾಟರಿಯೂ ಸುಮಾರು 13 ಲೀಟರ್ ಡೀಸೆಲ್ಲಿಗೆ ಸಮ! ಮೋಟರು ಅದರ ಬಹುಪಾಲನ್ನು ಗಾಲಿಗೆ ಮುಟ್ಟಿಸುವುದರಿಂದ ಅಷ್ಟು ದೂರ ಹೋಗುತ್ತದೆ. ಡೀಸೆಲ್ ಇಂಜಿನ್ನು ಮೂರರಲ್ಲಿ ಎರಡು ಪಾಲನ್ನು ಬಿಸಿಯಾಗಿ ಹೊರಗೆ ಚೆಲ್ಲುತ್ತದೆ. ದಿನವೂ ಅಷ್ಟೊಂದು ಪೋಲಾಗುವ ಕಡೆ ಗಾಳಿ ತಿಂದದ್ದನ್ನು ಯಾರು ಗಮನಿಸುತ್ತಾರೆ? ಖಾಲಿಯಾದರೆ ಬಂಕಿನಲ್ಲಿ ಐದು ನಿಮಿಷಕ್ಕೆ ಮತ್ತೆ ತುಂಬುತ್ತದೆ. ಬ್ಯಾಟರಿ ಗಾಡಿಯಲ್ಲಿ ತಿಂದದ್ದೆಲ್ಲ ಮೀಟರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಇನ್ನು ದಾರಿ. ರಾಣೆಬೆನ್ನೂರಿನಿಂದ ಹಾವೇರಿ, ಶಿಗ್ಗಾಂವಿ ದಾಟಿ ಹುಬ್ಬಳ್ಳಿವರೆಗೆ 48ನೇ ಹೆದ್ದಾರಿ. ಆಮೇಲೆ ಧಾರವಾಡ, ಹಳಿಯಾಳ, ದಾಂಡೇಲಿ, ಅಲ್ಲಿಂದ ಜೋಯಿಡಾ ತಾಲ್ಲೂಕಿನ ಕಾಡು. ಒಟ್ಟು 200 ಕಿ.ಮೀ. ದಾಟುತ್ತದೆ. ಹೆದ್ದಾರಿಯ ಬಂಕು, ಖಾನಾವಳಿಗಳಲ್ಲಿ ಅಲ್ಲಲ್ಲಿ ಚಾರ್ಜಿಂಗ್ ಪಾಯಿಂಟ್ ಬಂದಿವೆ, ಆದರೆ ಅವು ಕಾರಿಗೆ ಹಾಕಿದ ಅಳತೆ. ಹಿಂದೆ ಡಬ್ಬಿ ಇದ್ದರೆ ಗಾಡಿ ಆ ಜಾಗದಲ್ಲಿ ಹಿಡಿಸುವುದಿಲ್ಲ. ಪಿನ್ನು ತೆಗೆದು, ಡಬ್ಬಿಯ ಗಾಲಿಗೆ ಕಲ್ಲು ಕೊಟ್ಟು, ಗಾಡಿಯನ್ನಷ್ಟೇ ಒಳಗೆ ಹಾಕಬೇಕು. ಡಬ್ಬಿಯೊಳಗೆ ಮುದುಕರು, ಕೂಸುಗಳು ಇದ್ದರೆ ಇದು ತ್ರಾಸಿನ ಕೆಲಸವೇ. ಅಮೆರಿಕದಲ್ಲೂ ಗಾಲಿಮನೆಯವರ ದೊಡ್ಡ ದೂರು ಇದೇ.

ಕಾಡು ಹೊಕ್ಕ ಮೇಲೆ ಏರು ಇಳಿತ ಶುರು. 1 ಟನ್ ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಹೆದರುವಷ್ಟಲ್ಲ. ಇಳಿಜಾರಿನಲ್ಲಿ ಮೋಟರೇ ಡೈನಮೋ ಆಗಿ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿ ತುಂಬಿದ್ದರೆ ಮಾತ್ರ ಮರಳಿದ್ದಕ್ಕೆ ಜಾಗವಿಲ್ಲ, ಆಗ ಮೋಟರಿನ ಆ ಹಿಡಿತವೂ ಸಡಿಲ. ನನಗೆ ನಿಜವಾಗಿ ಅಂಜಿಕೆ ಇರುವುದು ಇಲ್ಲಿ. ಬ್ರೇಕಿಲ್ಲದ ಡಬ್ಬಿ ಇಳಿಜಾರಿನಲ್ಲಿ ಮುಂದಿನ ಹಗುರ ಗಾಡಿಯನ್ನು ನೂಕಿ ಅಡ್ಡ ತಿರುಗಿಸಿಬಿಡುತ್ತದೆ. ಆದ್ದರಿಂದ ಸಣ್ಣ ಸರಕು ಗಾಡಿಗೆ ಮನಸ್ಸಿಗೆ ಬಂದಂತೆ ಕೊಕ್ಕೆ ಬೆಸುಗೆ ಹಾಕಿಸಬೇಡಿ ಕಾಕಾ ಎಂದು ಕೈಮುಗಿದು ಹೇಳಿದೆ. ಎಳೆಯಲು ಕಂಪನಿಯೇ ಒಪ್ಪಿದ ಗಾಡಿ ಇರಬೇಕು, ಡಬ್ಬಿಗೂ ತನ್ನದೇ ನೋಂದಣಿ ಇರಬೇಕು, ಬ್ರೇಕು ಇರಬೇಕು. ಇಲ್ಲವಾದರೆ ಏಸಿನ ಬೆನ್ನ ಮೇಲೆ ಅಡಿಗೆಯ ಸಾಮಾನು, ಹಾಸಿಗೆ ಹೇರಿ, ಮಂದಿ ಬಸ್ಸಿಗೆ ಬರಲಿ.

ಹೊತ್ತಿನ ಮಾತಿಗೆ ಬಂದರೆ ಕಾಕಾನೇ ನನಗಿಂತ ಮುಂದೆ ಹೋದರು. 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಏಸ್ ಇವಿ ತುಂಬಲು ಆರೂವರೆ ಏಳು ತಾಸು ಬೇಕು ಅಂದಾಗ ಅವರು, “ಎತ್ತು ಬಿಚ್ಚಿ ಕಟ್ಟಿ, ಮೇವು ಹಾಕಿ, ನಾವು ಉಂಡು ಮಲಗಿ ಏಳಾಕ ಅಷ್ಟ ಹೊತ್ತು ಬೇಕಲ್ಲ” ಅಂದರು. ಬಂಡಿಯವರು ಒಂದೇ ಉಸಿರಿಗೆ ಉಳವಿ ಮುಟ್ಟಿದವರಲ್ಲ. ಕೆರೆ ಇದ್ದಲ್ಲಿ, ಮಠ ಇದ್ದಲ್ಲಿ, ಬೀಗರ ಊರಿದ್ದಲ್ಲಿ ವಸ್ತಿ. ನಮಗೂ ಹುಬ್ಬಳ್ಳಿಗೆ ಮೊದಲು ಒಂದು ವಸ್ತಿ, ದಾಂಡೇಲಿಗೆ ಮೊದಲು ಇನ್ನೊಂದು. ಪೂರ್ತಿ ತುಂಬಿಸಿಕೊಳ್ಳದೆ ಕಾಡು ಹೊಗಬಾರದು. ಅವಸರ ಬಿಟ್ಟವನಿಗೆ ಈ ಗಾಡಿ ಒಪ್ಪುತ್ತದೆ.

ನನಗೆ ಇದರ ಆಸೆ ಇರುವುದಕ್ಕೆ ಬೇರೆ ಕಾರಣವೂ ಇದೆ. ಆ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುತ್ತದೆ. ಸಾಲುಗಟ್ಟಿದ ಟ್ರ್ಯಾಕ್ಟರುಗಳ ಹೊಗೆ, ಸದ್ದು ಅಲ್ಲಿನ ಜೀವಿಗಳಿಗೂ ಬೇಡ, ಟ್ರ್ಯಾಕ್ಟರುಗಳ ಹಿಂದೆ ಬರುವ ಎತ್ತುಗಳಿಗೂ ಬೇಡ.

ಆದರೂ ಮೊದಲು ಮೈಲಾರಕ್ಕೆ ಹೋಗೋಣ ಎಂದು ಇಬ್ಬರೂ ಒಪ್ಪಿದೆವು. ತುಂಗಭದ್ರೆ ದಾಟಿದರೆ ಮೈಲಾರ, 40 ಕಿ.ಮೀ. ಮೀರದು. ಹೋಗುವಾಗ ತಾಡಪತ್ರಿ ಎತ್ತರಕ್ಕೆ ಕಟ್ಟಿ, ಬರುವಾಗ ತಗ್ಗಿಸಿ ಕಟ್ಟಿ, ಎರಡೂ ಸಲ ಮೀಟರ್ ಬರೆದಿಡುವುದು. ಅದರ ಮೇಲೆ ಉಳವಿಯ ಮಾತು.

“ಕಮಾನು ಎಷ್ಟು ಎತ್ತರ ಇಡಸೋಣು?” ಎಂದು ಕಾಕಾ ಕೇಳಿದರು.

“ಗಾಡಿಯ ತಲೆಗಿಂತ ಒಂದು ಗೇಣೂ ಮೇಲೆ ಬ್ಯಾಡ್ರಿ.”

“ಆತು, ಬಿದಿರು ನಾಳೆನ ಕೊಯ್ಸತೇನಿ” ಅಂದರು.